ಲಾರ್ಡ್ ಹ್ಯಾರಿಸನ ಆಟವೂ ಆಳಿಕೆಯೂ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಫೇವರ್‌ಷಾಮ್ ಎಂಬ ಊರಿನ ಸಮೀಪದಲ್ಲಿ ಬೆಲ್‌ಮಾಂಟ್ ಎಂಬ ಸೌಧವೊಂದಿದೆ. ಕನ್ನಡ ನಾಡಿಗೂ ಆ ಸೌಧಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಅದರ ಒಡೆಯರ ಬಿರುದೇ ಉತ್ತರ ಹೇಳುತ್ತದೆ. 1815ರಲ್ಲಿ ಆ ಮನೆತನಕ್ಕೆ ದೊರೆತ ಶ್ರೀಮಂತ ಪದವಿಯಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್‌ಮಾಂಟ್ ಎಂಬ ಮೂರು ಸ್ಥಳಗಳ ಹೆಸರುಗಳು ಒಂದೇ ಸಾಲಿನಲ್ಲಿ ಸೇರಿಕೊಂಡಿವೆ. ಕಾವೇರಿಯ ನಡುಗಡ್ಡೆಯನ್ನು ಬಿರುದಿನಲ್ಲಿ ಹೊತ್ತ ಈ ವಂಶದ ನಾಲ್ಕನೆಯ ಲಾರ್ಡನೇ ಜಾರ್ಜ್ ರಾಬರ್ಟ್ ಕ್ಯಾನಿಂಗ್ ಹ್ಯಾರಿಸ್. ಇವನು ಆಂಗ್ಲರ ಕ್ರಿಕೆಟ್ ತಂಡದ ನಾಯಕನಾಗಿದ್ದನು, ಮಂತ್ರಿಮಂಡಲದಲ್ಲಿ ಉಪಕಾರ್ಯದರ್ಶಿಯಾಗಿದ್ದನು, ಐದು ವರ್ಷಗಳ ಕಾಲ ಮುಂಬಯಿ ಪ್ರಾಂತದ ಗವರ್ನರನಾಗಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಕನ್ನಡಿಗರನ್ನೂ ಆಳಿದನು. ಆಟದ ನಿಯಮದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಇವನು ಆಳಿಕೆಯಲ್ಲಿ ಅದೇ ತಕ್ಕಡಿಯನ್ನು ಹಿಡಿದನೇ ಎಂಬುದೇ ಇವನ ಚರಿತ್ರೆಯನ್ನು ಓದುವಾಗ ಏಳುವ ಮುಖ್ಯ ಪ್ರಶ್ನೆ.

ಮನೆತನದ ಮೂಲಪುರುಷನಾದ ಮೊದಲನೆಯ ಜಾರ್ಜ್ ಹ್ಯಾರಿಸನು ಕೆಂಟಿನ ಬಡ ಪಾದ್ರಿಯೊಬ್ಬನ ಮಗ. ಸೈನ್ಯವನ್ನು ಸೇರಿ, ಅಮೆರಿಕದ ಯುದ್ಧದಲ್ಲಿ ಬಂಕರ್ ಹಿಲ್ ಕದನದಲ್ಲಿ ಗಾಯಗೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವನು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದಾಗ ಕಂಪೆನಿಯ ಸೇನೆಗೆ ಇವನೇ ಮಹಾಸೇನಾನಿ. ಸೂರೆಯ ದ್ರವ್ಯವನ್ನು ಹಂಚಿದಾಗ ಇವನ ಪಾಲಿಗೆ ಒಂದು ಲಕ್ಷ ಪೌಂಡಿಗೂ ಮಿಕ್ಕ ಮೊತ್ತವು ಬಂದಿತು. ಅದು ಹೆಚ್ಚಾಯಿತೆಂದು ಕಂಪೆನಿಯ ನಿರ್ದೇಶಕರೇ ಆಕ್ಷೇಪಿಸಿದರು. ವ್ಯಾಜ್ಯವು ಪ್ರಿವಿ ಕೌನ್ಸಿಲಿನವರೆಗೆ ಹೋಗಿ ಕೊನೆಗೆ ಹ್ಯಾರಿಸನ ಪರವಾಗಿ ತೀರ್ಮಾನವಾಯಿತು. 1801ರಲ್ಲಿ ಅವನು ಬೆಲ್‌ಮಾಂಟನ್ನು ಕೊಂಡನು. ಶ್ರೀರಂಗಪಟ್ಟಣದ ಅರಮನೆಯ ಬೊಕ್ಕಸ ಬರಿದಾಯಿತು. ಕೆಂಟಿನ ಹಸುರು ಹುಲ್ಲಿನ ನಡುವೆ ಒಂದು ಮನೆತನವು ನೆಲೆನಿಂತಿತು.

ಈ ಸೇನಾನಿಯ ಮೊಮ್ಮಗನಾದ ಮೂರನೆಯ ಲಾರ್ಡನು ಟ್ರಿನಿಡಾಡಿನಲ್ಲಿ ಗವರ್ನರನಾಗಿದ್ದಾಗ, 1851ರ ಫೆಬ್ರವರಿ 3ರಂದು ನಮ್ಮ ಕಥಾನಾಯಕನು ಅಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿ ತೀರಿಕೊಂಡಳು. 1854ರಲ್ಲಿ ತಂದೆಯು ಮದರಾಸಿನ ಗವರ್ನರನಾದನು. ಮಗನ ಬಾಲ್ಯದ ಕೆಲವು ವರ್ಷಗಳು ಮದರಾಸಿನಲ್ಲಿಯೇ ಕಳೆದುವು. ಆಳುವುದೆಂಬುದು ಈ ಮನೆಯಲ್ಲಿ ಕುಲವೃತ್ತಿಯಾಗಿತ್ತೆಂದರೆ ತಪ್ಪಾಗದು.

ವಿದ್ಯಾಭ್ಯಾಸವು ಆಂಗ್ಲ ಶ್ರೀಮಂತರ ರೂಢಿಯಂತೆ ಮೊದಲು ಈಟನ್ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ನಡೆಯಿತು. ಪುಸ್ತಕಕ್ಕಿಂತ ದಾಂಡೇ ಇವನ ಕೈಗೆ ಹೆಚ್ಚು ಒಗ್ಗಿತು. 1870ರಲ್ಲಿ ಈಟನ್ ತಂಡದ ನಾಯಕನಾಗಿ, ಎದುರಾಳಿಗಳಾದ ಹ್ಯಾರೋ ಶಾಲೆಯವರ ಮೇಲೆ ಆಡುತ್ತಿದ್ದಾಗ ನಡೆದ ಒಂದು ಸಂಗತಿಯು ಇವನ ಸ್ವಭಾವವನ್ನು ಮುಂಚೆಯೇ ತೋರಿಸಿಕೊಟ್ಟಿತು. ಚೆಂಡು ಕೈಬಿಡುವ ಮೊದಲೇ ಗೆರೆ ದಾಟಿ ಮುಂದೆ ಸರಿದಿದ್ದ ದಾಂಡಿಗನನ್ನು ಹ್ಯಾರಿಸನು ವಿಕೆಟ್ಟಿಗೆ ಚೆಂಡು ತಗುಲಿಸಿ ಔಟು ಮಾಡಿದನು. ಇದು ಸಜ್ಜನರ ಆಟಕ್ಕೆ ಒಪ್ಪದೆಂದು ಗೊಣಗಿದವರುಂಟು. ನಿಯಮದಲ್ಲಿ ಇರುವುದನ್ನು ಮಾಡಲು ನಾಚಿಕೆಯೇಕೆ ಎಂಬುದು ಹ್ಯಾರಿಸನ ನಿಲುವು. ಹತ್ತೊಂಬತ್ತರ ಹರೆಯದಲ್ಲಿ ಮೂಡಿದ ಈ ನಿಲುವು ಎಂಬತ್ತರವರೆಗೂ ಬದಲಾಗಲಿಲ್ಲ.

1872ರಲ್ಲಿ ತಂದೆಯು ಮರಣಹೊಂದಲು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಿರುದೂ ಬೆಲ್‌ಮಾಂಟೂ ಇವನ ಕೈಗೆ ಬಂದುವು. 1875ರಲ್ಲಿ ಕೆಂಟ್ ಪ್ರಾಂತದ ತಂಡಕ್ಕೆ ನಾಯಕನಾದನು. ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ಆ ತಂಡವು ಆಗ ಕ್ಷೀಣದೆಶೆಯಲ್ಲಿತ್ತು. ಲಾರ್ಡನು ಹಣ ಕೂಡಿಸಿದನು, ಆಟಗಾರರನ್ನು ಹುಡುಕಿದನು, ಮಾತ್ರವಲ್ಲ, ಸ್ವತಃ ತಂಡದ ಶ್ರೇಷ್ಠ ದಾಂಡಿಗರಲ್ಲಿ ಒಬ್ಬನಾಗಿ ಆಡಿದನು. 1884ರಲ್ಲಿ ಪ್ರವಾಸ ಬಂದ ಆಸ್ಟ್ರೇಲಿಯನ್ನರನ್ನು ಸೋಲಿಸಿದ ಪ್ರಾಂತೀಯ ತಂಡವು ಕೆಂಟ್ ಒಂದೇ. ಇವನು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಒಟ್ಟು ಗಳಿಸಿದ ಓಟಗಳು 9990. ಹತ್ತು ಸಾವಿರಕ್ಕೆ ಹತ್ತೇ ಕಡಮೆ!

ಇವನ ಧೈರ್ಯವನ್ನು ಒರೆಗೆ ಹಚ್ಚಿದ್ದು 1878–79ರ ಆಸ್ಟ್ರೇಲಿಯ ಪ್ರವಾಸ. ತಂಡದಲ್ಲಿ ಯಾರ್ಕ್‌ಷೈರಿನ ಯೂಲಿಯೆಟ್, ಎಮೆಟ್ ಎಂಬ ಇಬ್ಬರು ಮಾತ್ರ ಕೂಲಿಯ ಆಟಗಾರರು. ಉಳಿದವರೆಲ್ಲರೂ ಹವ್ಯಾಸಿಗಳಾದ ಸಜ್ಜನರು. 1879ರ ಜನವರಿಯಲ್ಲಿ ಮೆಲ್ಬರ್ನಿನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಸ್ಪಾಫರ್ತನು ಒಂದರ ಹಿಂದೊಂದಾಗಿ ಮೂರು ಚೆಂಡುಗಳಲ್ಲಿ ಮೂವರನ್ನು ಉರುಳಿಸಿದನು. ಹ್ಯಾರಿಸನ ತಂಡವು ಹತ್ತು ವಿಕೆಟ್ಟುಗಳಿಂದ ಸೋತಿತು. ಮರುತಿಂಗಳು ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸಿನವರೊಡನೆ ಪಂದ್ಯ. ಮೊದಲ ಇನ್ನಿಂಗ್ಸಿನಲ್ಲಿ ಕೊನೆಯವರೆಗೂ ನಿಂತು 82 ಓಟಗಳನ್ನು ಗಳಿಸಿದ್ದ ಮರ್ಡಾಕನು ಜನರ ಕಣ್ಮಣಿಯಾಗಿದ್ದನು. ಎರಡನೆಯ ಸಲ ಅವನು ಹತ್ತು ಓಟ ಗಳಿಸಿದ್ದಾಗ, ಫೆಬ್ರವರಿ 8ರ ಶನಿವಾರ, ಅಂಪೈರನಾದ ಕೋಲ್ತಾರ್ಡನು ಅವನನ್ನು ರನ್‌ಔಟೆಂದು ತೀರ್ಪಿತ್ತನು. ಕೋಲ್ತಾರ್ಡನು ಪಕ್ಕದ ವಿಕ್ಟೋರಿಯ ವಸಾಹತಿನವನು. ಎರಡು ವಸಾಹತುಗಳಿಗೂ ಪರಸ್ಪರ ಮತ್ಸರ. ಮೇಲಾಗಿ ಪಣ ಕಟ್ಟಿದ್ದವರ ಗುಂಪು ಬೇರೆ. ನೋಡನೋಡುತ್ತಿರುವಂತೆಯೇ ಸುಮಾರು ಎರಡು ಸಾವಿರ ಮಂದಿ ಮೈದಾನಕ್ಕೆ ನುಗ್ಗಿದರು. ಅಂಪೈರನನ್ನು ರಕ್ಷಿಸಲು ಓಡಿದ ಹ್ಯಾರಿಸನ ಮೇಲೆಯೇ ಏಟು ಬಿದ್ದಿತು. ಹೊಡೆದವನನ್ನು ಜೊತೆಗಾರನಾದ ಹಾರ್ನ್‌ಬಿಯು ಹಿಡಿದು ಎಳೆದೊಯ್ದನು. ಅಂಪೈರನನ್ನು ಬದಲಿಸಬೇಕೆಂದು ಎದುರಾಳಿ ನಾಯಕನಾದ ಗ್ರೆಗರಿಯು ಒತ್ತಾಯಿಸಿದನು. ಹ್ಯಾರಿಸನು ಒಪ್ಪಲಿಲ್ಲ. ಅಂಪೈರನ ತೀರ್ಪು ಜನಸಮ್ಮರ್ದದ ಕೂಗಿಗೆ ಬಾಗಿದರೆ ಆಟವೇ ಉಳಿಯದೆಂಬುದು ಅವನ ವಾದ. ಮೈದಾನವನ್ನು ಬಿಟ್ಟುಹೋದರೆ ಪಂದ್ಯವನ್ನೇ ಬಿಟ್ಟುಕೊಟ್ಟಂತಾಗುವುದೆಂದು ಆ ಗದ್ದಲದ ನಡುವೆಯೇ ನಿಂತನು. ಸೋಮವಾರ ಆಟ ಮುಂದುವರಿದು ಆಂಗ್ಲರು ಇನ್ನಿಂಗ್ಸೊಂದರ ಅಂತರದಿಂದ ಗೆದ್ದರು. ಅಂದು ಮೈದಾನದಲ್ಲಿದ್ದ ಎರಡನೆಯ ಅಂಪೈರನಾದ ಎಡ್ಮಂಡ್ ಬಾರ್ಟನನು 1901ರಲ್ಲಿ ಆಸ್ಟ್ರೇಲಿಯದ ಪ್ರಥಮ ಪ್ರಧಾನಮಂತ್ರಿಯಾದನೆಂಬುದು ಇತಿಹಾಸದ ಕೌತುಕಗಳಲ್ಲೊಂದು.

ಈ ಗಲಭೆಯ ಕಹಿ ಬೇಗನೆ ಇಳಿಯಲಿಲ್ಲ. 1880ರಲ್ಲಿ ಆಸ್ಟ್ರೇಲಿಯನ್ನರು ಇಂಗ್ಲೆಂಡಿಗೆ ಬಂದಾಗ ಅವರೊಡನೆ ಆಡುವವರೇ ವಿರಳವಾದರು. ಆಗ ಸರ್ರೆ ಪ್ರಾಂತದ ಕಾರ್ಯದರ್ಶಿ ಆಲ್ಕಾಕನು ಹ್ಯಾರಿಸನ ಮನವೊಲಿಸಿದನು. ಏಟು ತಿಂದವನೇ ಮುಂದೆ ಬಂದು ತಂಡವನ್ನು ಕಟ್ಟಿದನು. ಸೆಪ್ಟೆಂಬರಿನಲ್ಲಿ ಓವಲ್ ಮೈದಾನದಲ್ಲಿ ನಡೆದ ಆ ಪಂದ್ಯವೇ ಇಂಗ್ಲೆಂಡಿನ ನೆಲದ ಮೇಲೆ ನಡೆದ ಮೊದಲ ಟೆಸ್ಟ್. ಡಬ್ಲ್ಯು. ಜಿ. ಗ್ರೇಸನು 152 ಓಟಗಳನ್ನು ಗಳಿಸಿದರೆ ಮರ್ಡಾಕನು ಔಟಾಗದೆ 153ನ್ನು ಗಳಿಸಿ ಉತ್ತರ ಕೊಟ್ಟನು; ಇಂಗ್ಲೆಂಡು ಐದು ವಿಕೆಟ್ಟುಗಳಿಂದ ಗೆದ್ದಿತು. ವೈರವನ್ನು ಮನಸ್ಸಿನಲ್ಲಿಟ್ಟುಕೊಳ್ಳದ ಔದಾರ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ತಪ್ಪನ್ನು ಕಂಡಾಗ ಬಿಡದಿರುವ ಹಠಕ್ಕೂ ನಿದರ್ಶನವುಂಟು. ತೋಳನ್ನು ಮಡಿಸಿ ಚೆಂಡನ್ನು ಕಲ್ಲೆಸೆದಂತೆ ಎಸೆಯುವ ದುರಭ್ಯಾಸವು ಆ ಕಾಲದಲ್ಲಿ ಹಬ್ಬಿತ್ತು. ಲ್ಯಾಂಕಷೈರ್ ತಂಡದಲ್ಲಿ ಅಂಥವರಿದ್ದಾರೆಂಬ ಕಾರಣದಿಂದ 1885ರಲ್ಲಿ ಅವರೊಡನೆ ನಡೆಯಬೇಕಾಗಿದ್ದ ಮರುಪಂದ್ಯವನ್ನು ಕೆಂಟಿನವರು ಹ್ಯಾರಿಸನ ಮಾತಿನಂತೆ ತ್ಯಜಿಸಿಯೇ ಬಿಟ್ಟರು. ಆ ಮೇಲೆ ಅಭ್ಯಾಸವು ಬಹುಮಟ್ಟಿಗೆ ನಿಂತಿತು.

ರಾಜಕೀಯ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. ಕನ್ಸರ್ವೇಟಿವ್ ಪಕ್ಷದವನಾದ ಇವನು ಪ್ರಭುಗಳ ಸಭೆಯಲ್ಲಿ ಕುಳಿತು, 1885ರಲ್ಲಿ ಕೆಲವು ತಿಂಗಳು ಇಂಡಿಯಾ ಖಾತೆಗೂ 1886ರಿಂದ ಯುದ್ಧದ ಖಾತೆಗೂ ಉಪಕಾರ್ಯದರ್ಶಿಯಾಗಿದ್ದನು. ಅಸಾಧಾರಣ ವಾಗ್ಮಿಯೆಂದಾಗಲಿ, ದೂರದರ್ಶಿಯೆಂದಾಗಲಿ ಹೆಸರು ಪಡೆಯಲಿಲ್ಲ. ಹೇಳಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುವವನೆಂಬ ಹೆಸರಿತ್ತು. 1890ರ ಏಪ್ರಿಲಿನಲ್ಲಿ ಲಾರ್ಡ್ ರೇ ಎಂಬವನ ತರುವಾಯ ಮುಂಬಯಿಯ ಗವರ್ನರನಾಗಿ ಬಂದನು.

ಅವನು ಬರುವ ವೇಳೆಗೆ ಮುಂಬಯಿಯ ಜನರಲ್ಲಿ ಕ್ರಿಕೆಟ್ಟಿನ ಹುಚ್ಚು ಬೇರೂರಿಯಾಗಿತ್ತು. ಪಾರಸಿ ತರುಣರು ಎರಡು ಸಲ ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದ್ದರು. 1890ರ ಜನವರಿಯಲ್ಲಿ, ಹ್ಯಾರಿಸನು ಬರುವ ಮೂರು ತಿಂಗಳ ಮುಂಚೆ, ಇಂಗ್ಲೆಂಡಿನಿಂದ ಬಂದ ವೆರ್ನನನ ತಂಡವನ್ನು ಸೋಲಿಸಿಯೂ ಇದ್ದರು. ಆದರೆ ಆಡಲು ಅವರಿಗಿದ್ದ ನೆಲವಾದರೂ ಎಷ್ಟು? ಎಸ್ಪ್ಲನೇಡ್ ಎಂಬ ಬಯಲಿನ ಒಂದು ಭಾಗವನ್ನು ಯುರೋಪಿಯನ್ನರ ಜಿಮಖಾನೆಯು ತನ್ನದೆಂದು ಬೇರ್ಪಡಿಸಿಕೊಂಡಿತ್ತು; ಅಲ್ಲಿ ದೇಶೀಯರಿಗೆ ಪ್ರವೇಶವಿಲ್ಲ. ಉಳಿದ ನೆಲದಲ್ಲಿ ಪಾರಸಿ, ಹಿಂದೂ, ಮುಸಲ್ಮಾನ ಹುಡುಗರು ತಮ್ಮ ಕೈಯಾರೆ ಅಂಗಳವನ್ನು ಹಸನು ಮಾಡಿಕೊಂಡು ಆಡುತ್ತಿದ್ದರು. ಅದೇ ನೆಲಕ್ಕೆ ಕೆಲವೇ ಮಂದಿ ದೊರೆಗಳು ಕುದುರೆ ಏರಿ ಪೋಲೋ ಆಡಲು ಬರುವರು. ಗೊರಸುಗಳು ತುಳಿದ ಮೇಲೆ ನೆಲವು ಉತ್ತ ಹೊಲದಂತಾಗುವುದು. ಮರುದಿನ ಚೆಂಡು ಎತ್ತ ಪುಟಿಯುವುದೋ ಹೇಳುವಂತಿಲ್ಲ. ಇದರ ವಿಷಯವಾಗಿ ದೇಶೀಯ ಆಟಗಾರರು ಸರಕಾರಕ್ಕೆ ವರ್ಷಗಟ್ಟಲೆ ಬಿನ್ನಹಗಳನ್ನು ಸಲ್ಲಿಸಿದರು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರಸಿ ಗೃಹಸ್ಥನು ಈ ಹೋರಾಟದ ವೃತ್ತಾಂತವನ್ನೆಲ್ಲ ಬರೆದು 1897ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು.

ಕ್ರಿಕೆಟ್ಟನ್ನೇ ಉಸಿರಾಡುವ ಗವರ್ನರನು ಬಂದಿರುವಾಗ ಕ್ರಿಕೆಟ್ ಆಡುವವರಿಗೆ ನ್ಯಾಯ ದೊರೆಯದಿರುವುದೇ ಎಂದು ಬಿನ್ನಹದಾರರು ನಂಬಿದರು. ಆದರೆ ಹ್ಯಾರಿಸನ ಸರಕಾರದ ತೀರ್ಪು ಪೋಲೋ ಆಡುವವರ ಪರವಾಗಿಯೇ ಆಯಿತು. ಹತ್ತೊಂಬತ್ತರ ಹರೆಯದಲ್ಲಿ ಸಹಪಾಠಿಗಳ ಗೊಣಗಾಟಕ್ಕೆ ಸೊಪ್ಪುಹಾಕದೆ ನಿಯಮವನ್ನು ಹಿಡಿದು ನಿಂತವನು, ಇಲ್ಲಿ ತನ್ನ ಜಾತಿಬಾಂಧವರ ಸುಖಕ್ಕೆ ಅಡ್ಡಿಯಾಗುವ ಧೈರ್ಯವನ್ನು ತೋರಲಿಲ್ಲ. ಗಡಿಗೆರೆಯೊಳಗೆ ಎಲ್ಲರಿಗೂ ಒಂದೇ ನಿಯಮವೆಂದು ಸಾರುತ್ತಿದ್ದವನು, ಗಡಿಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಿಚಾರದಲ್ಲಿ ಪಕ್ಷಪಾತಿಯಾದನು.

ಇದಿಷ್ಟೇ ಹೇಳಿ ನಿಲ್ಲಿಸಿದರೆ ಅವನಿಗೂ ಅನ್ಯಾಯವಾಗುವುದು. ಸಮುದ್ರವನ್ನು ಹಿಂದೂಡಿ ಪಡೆದ ಕೆನಡಿ ಸೀ ಫೇಸ್ ದಂಡೆಯಲ್ಲಿ ಮುಸಲ್ಮಾನರ ಮತ್ತು ಹಿಂದೂಗಳ ಜಿಮಖಾನೆಗಳಿಗೆ ನೆಲ ದೊರೆತುದು ಅವನ ಕಾಲದಲ್ಲಿಯೇ. ಯುರೋಪಿಯನ್ನರಿಗೂ ಪಾರಸಿಗಳಿಗೂ ನಡುವೆ ವರ್ಷ ವರ್ಷವೂ ನಡೆಯುವ ಪ್ರೆಸಿಡೆನ್ಸಿ ಪಂದ್ಯಗಳು 1892ರಲ್ಲಿ ಅವನ ಪ್ರೋತ್ಸಾಹದಿಂದ ನೆಲೆಗೊಂಡುವು. 1907ರಲ್ಲಿ ಹಿಂದೂಗಳೂ 1912ರಲ್ಲಿ ಮುಸಲ್ಮಾನರೂ ಅವುಗಳಲ್ಲಿ ಸೇರಿದರು. ಆದರೆ ಮತಕ್ಕೊಂದು ಅಂಗಳ, ಮತಕ್ಕೊಂದು ತಂಡವೆಂಬ ಆ ಏರ್ಪಾಟಿನಲ್ಲಿಯೇ ಮುಂದಿನ ಕಹಿಯ ಬೀಜವೂ ಇತ್ತು. 1940ರಲ್ಲಿ ಗಾಂಧೀಜಿಯು ಆಟದಲ್ಲಿ ಮತಭೇದವೇಕೆಂದು ಪ್ರಶ್ನಿಸಿದರು. 1946ರಲ್ಲಿ ಆ ಪಂದ್ಯಗಳು ನಿಂತೇ ಹೋದುವು.

ಹ್ಯಾರಿಸನ ಆಳಿಕೆಗೆ ಅಂಟಿದ ದೊಡ್ಡ ಕಳಂಕವು 1893ರದು. ಆ ವರ್ಷದ ಆಗಸ್ಟ್ 11ರಂದು ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ಘೋರ ಕಲಹವು ಎದ್ದು ಹಲವು ದಿನ ನಡೆಯಿತು. ಬೀದಿಗಳಲ್ಲಿ ಸೈನ್ಯವು ನಿಲ್ಲಬೇಕಾಯಿತು. ಬಹು ಜನರು ಪ್ರಾಣ ನೀಗಿದರು. ಮಳೆಗಾಲವಾದ್ದರಿಂದ ಗವರ್ನರನು ಆಗ ಪುಣೆಯ ಗಣೇಶಖಿಂಡದ ಬಂಗಲೆಯಲ್ಲಿದ್ದನು. ಅವನು ರಾಜಧಾನಿಗೆ ಬಂದುದು ಒಂಬತ್ತನೆಯ ದಿನ. ಅದೂ ಕ್ರಿಕೆಟ್ ಪಂದ್ಯವೊಂದಕ್ಕಾಗಿ ಎಂದು ವಿಮರ್ಶಕರು ಮೂದಲಿಸಿದರು. ಆಟದ ಮಾತು ಎಷ್ಟು ನಿಜವೋ ಏನೋ, ತಡವಂತೂ ನಿಜ. ಸಿಡ್ನಿಯಲ್ಲಿ ಒಬ್ಬ ಅಂಪೈರನ ಮೇಲೆ ಕೈ ಬೀಳುವುದೆಂದಾಗ ಓಡಿಹೋಗಿ ಗುಂಪಿನ ನಡುವೆ ನಿಂತ ಕಾಲುಗಳು, ಪುಣೆಯಿಂದ ಮುಂಬಯಿಗೆ ರೈಲು ಇರುವಾಗಲೂ, ಪ್ರಜೆಗಳ ರಕ್ತ ಹರಿಯುತ್ತಿರುವಾಗಲೂ ಅಷ್ಟು ನಿಧಾನವಾದುವೇಕೆ?

ಅರಸನಿಗೆ ಬೇಟೆ, ಜೂಜು ಮೊದಲಾದುವು ವ್ಯಸನಗಳೆಂದು ನೀತಿಶಾಸ್ತ್ರಕಾರರು ಎಣಿಸಿದ್ದಾರೆ. ಬೇಟೆಯಾಗಲಿ ಆಟವಾಗಲಿ ಸ್ವತಃ ಪಾಪವೆಂಬುದು ಅವರ ಅಭಿಪ್ರಾಯವಲ್ಲ. ಮೈಗೆ ಕಸುವು, ಮನಸ್ಸಿಗೆ ಸ್ಥೈರ್ಯ ಅವುಗಳಿಂದ ಬರಬಹುದು. ರಾಜನ ಕಿವಿಯನ್ನು ಪ್ರಜೆಯ ಮೊರೆಗೆ ಮುಚ್ಚಿದಾಗ ಮಾತ್ರ ಅದು ವ್ಯಸನವಾಗುತ್ತದೆ. ಹ್ಯಾರಿಸನ ಐದು ವರ್ಷಗಳಿಗೆ ಈ ಒರೆಗಲ್ಲು ಚೆನ್ನಾಗಿ ಹೊಂದುತ್ತದೆ.

ಅದೇ ಕಾಲದಲ್ಲಿ, ಅದೇ ಪುಣೆಯಲ್ಲಿ ಇನ್ನೊಂದು ಜೀವವೂ ಕ್ರಿಕೆಟ್ಟಿನ ನೆಲದ ಮೇಲೆ ಬೆವರು ಸುರಿಸುತ್ತಿತ್ತು. ಹ್ಯಾರಿಸನ ಪ್ರಾಂತಕ್ಕೆ ಸೇರಿದ ಧಾರವಾಡದಲ್ಲಿ ಹುಟ್ಟಿ, ಅಸ್ಪೃಶ್ಯವೆಂದು ದೂರವಿಟ್ಟ ಕುಲದಿಂದ ಬಂದ ಪಾಲವಣಕರ ಬಾಳೂ ಎಂಬ ಹುಡುಗನು 1892ರ ಸುಮಾರಿಗೆ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಸೇರಿಕೊಂಡನು. ಅಂಗಳವನ್ನು ಗುಡಿಸುವುದು, ಉರುಳುಗಲ್ಲು ಎಳೆಯುವುದು, ಬಲೆ ಕಟ್ಟುವುದು ಅವನ ಕೆಲಸ. ಬಿಡುವಿನಲ್ಲಿ ದೊರೆಗಳ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಎಡಗೈಯಿಂದ ಚೆಂಡು ಹಾಕುವನು. ಅವನ ಕೈಗೆ ದಾಂಡು ಕೊಟ್ಟವರಿಲ್ಲ. ಹೀಗೆ ಪಳಗಿದ ಕೈಯನ್ನು ಕಂಡು ಪುಣೆಯ ಹಿಂದೂಗಳು ಅವನನ್ನು ತಮ್ಮ ತಂಡಕ್ಕೆ ಕರೆದರು. ಅವನು ಎಸೆದ ಚೆಂಡನ್ನು ಮುಟ್ಟುವರು, ಆದರೆ ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಗಡಿಗೆರೆಯೊಳಗಿನ ನ್ಯಾಯವನ್ನು ಹೊರಗೆ ಕಾಣಲಾರದವನು ಹ್ಯಾರಿಸನೊಬ್ಬನೇ ಅಲ್ಲವೆಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ಧರ್ಮ.

1895ರ ಫೆಬ್ರವರಿಯಲ್ಲಿ ಹ್ಯಾರಿಸನು ಸ್ವದೇಶಕ್ಕೆ ಹಿಂದಿರುಗಿದನು. ಅನಂತರ ವಿಕ್ಟೋರಿಯ ರಾಣಿಯ ಆಸ್ಥಾನಸೇವೆ, ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಸೈನಿಕಸೇವೆ, ಚಿನ್ನದ ಗಣಿಗಳ ಕಂಪೆನಿಯೊಂದರ ಅಧ್ಯಕ್ಷತೆ ಇವೆಲ್ಲ ನಡೆದುವು. ಆದರೆ ಅವನ ನಿಜವಾದ ಸಿಂಹಾಸನವು ಎಂ. ಸಿ. ಸಿ. ಎಂಬ ಆಂಗ್ಲ ಕ್ರಿಕೆಟ್ಟಿನ ಅಧಿಕಾರಪೀಠದಲ್ಲಿತ್ತು. 1895ರಲ್ಲಿ ಅದರ ಅಧ್ಯಕ್ಷನಾಗಿ, 1916ರಿಂದ ಕೊನೆಯವರೆಗೂ ಖಜಾಂಚಿಯಾಗಿ ಆಳಿದನು. 1896ರಲ್ಲಿ ರಣಜಿತಸಿಂಹನು ಇಂಗ್ಲೆಂಡಿನ ಪರವಾಗಿ ಆಡುವುದನ್ನು, ಅವನು ಆ ದೇಶದಲ್ಲಿ ಹುಟ್ಟಿದವನಲ್ಲವೆಂದು ಹ್ಯಾರಿಸನು ವಿರೋಧಿಸಿದನೆಂಬ ಪ್ರತೀತಿಯಿದೆ. ಆಕ್ಷೇಪಿಸಿದವನೇ ಟ್ರಿನಿಡಾಡಿನಲ್ಲಿ ಹುಟ್ಟಿದವನು! ಲಾರ್ಡ್ಸ್ ಮೈದಾನದ ಪಂದ್ಯಕ್ಕೆ ರಣಜಿಯನ್ನು ಕೈಬಿಡಲಾಯಿತು, ಮ್ಯಾಂಚೆಸ್ಟರಿನವರು ಕರೆದರು, ಅವನು ಅಲ್ಲಿ 62 ಮತ್ತು ಔಟಾಗದೆ 154 ಓಟಗಳನ್ನು ಗಳಿಸಿ ಮಾತಿಲ್ಲದೆ ಉತ್ತರ ಹೇಳಿದನು. 1922ರಲ್ಲಿ ಹ್ಯಾಮಂಡ್ ಎಂಬ ತರುಣನು ಕೆಂಟಿನ ಡೋವರಿನಲ್ಲಿ ಹುಟ್ಟಿದವನಾದ್ದರಿಂದ ಗ್ಲಾಸ್ಟರ್‌ಷೈರಿನ ಪರವಾಗಿ ಆಡಕೂಡದೆಂದು ಹ್ಯಾರಿಸನು ತಡೆದನು. ಮುಂದೆ ಆ ಹ್ಯಾಮಂಡನೇ ಇಂಗ್ಲೆಂಡಿನ ಮಹಾದಾಂಡಿಗನಾದನು. ನಿಯಮದ ಅಕ್ಷರವನ್ನು ಹಿಡಿದವನಿಗೆ ಅದರ ಆತ್ಮವು ತಪ್ಪಿಹೋಗುವುದೂ ಉಂಟು.

ಅಕ್ಷರದ ಜೊತೆಗೆ ಅಂತಃಕರಣವೂ ಕೂಡಿದ ಪ್ರಸಂಗವೊಂದನ್ನು ಹೇಳದಿದ್ದರೆ ಚಿತ್ರವು ಪೂರ್ಣವಾಗದು. ಕೆಂಟಿನ ಕೂಲಿ ಆಟಗಾರರ ಯೋಗಕ್ಷೇಮವನ್ನು ಹ್ಯಾರಿಸನು ತನ್ನ ಮನೆವಾರ್ತೆಯಂತೆ ನೋಡಿಕೊಂಡನು. ಆಟವಿಲ್ಲದ ಚಳಿಗಾಲದಲ್ಲಿಯೂ ಅವರಿಗೆ ಸಂಬಳ ದೊರೆಯಬೇಕೆಂಬುದಕ್ಕೆ ಬೆಂಬಲವಿತ್ತನು. ಜೇಮ್ಸ್ ಸೀಮೂರ್ ಎಂಬ ಆಟಗಾರನಿಗೆ 1920ರಲ್ಲಿ ಅಭಿಮಾನಿಗಳು ಒಂದು ಪಂದ್ಯದ ಹುಟ್ಟುವಳಿಯನ್ನು ಕಾಣಿಕೆಯಾಗಿ ಒಪ್ಪಿಸಿದರು. ಅದರ ಮೇಲೆ ಸರಕಾರವು ವರಮಾನ ತೆರಿಗೆಯನ್ನು ಕೇಳಿತು. ಬಡವನ ಮುಪ್ಪಿನ ಆಸರೆಗೆ ಕೈಹಾಕುವುದು ನ್ಯಾಯವಲ್ಲವೆಂದು ಮುದುಕನಾದ ಲಾರ್ಡನು ಅವನ ಬೆನ್ನಿಗೆ ನಿಂತನು. ಕೆಳಗಿನ ನ್ಯಾಯಸ್ಥಾನಗಳನ್ನು ದಾಟಿದ ಮೊಕದ್ದಮೆಯು 1927ರಲ್ಲಿ ಪ್ರಭುಗಳ ಸಭೆಯಲ್ಲಿ ಗೆದ್ದಿತು. ಕಾಣಿಕೆಯು ಸಂಬಳವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂದಾಯಿತು. ತನ್ನವನೆಂದು ಭಾವಿಸಿದವನಿಗಾಗಿ ಹ್ಯಾರಿಸನು ಎಷ್ಟು ದೂರವಾದರೂ ನಡೆಯಬಲ್ಲವನಾಗಿದ್ದನು. ಮುಂಬಯಿಯ ಬಿನ್ನಹದಾರರನ್ನು ತನ್ನವರೆಂದು ಭಾವಿಸದೆ ಹೋದುದೇ ಅವನ ಜೀವನದ ಕೊರತೆ.

1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಭಾರತೀಯರ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಬೆಂಗಳೂರಿನ ಜಯರಾಮನು ಆ ತಂಡದಲ್ಲಿದ್ದನು. ಪುಣೆಯಲ್ಲಿ ಉರುಳುಗಲ್ಲು ಎಳೆದಿದ್ದ ಬಾಳೂ ಇದ್ದನು. ತಂಡವು ಹೆಚ್ಚಾಗಿ ಸೋತರೂ ಬಾಳೂ ಒಬ್ಬನೇ ಆ ಪ್ರವಾಸದಲ್ಲಿ ನೂರಕ್ಕೂ ಮಿಕ್ಕು ವಿಕೆಟ್ಟುಗಳನ್ನು ಕಿತ್ತು ಆಂಗ್ಲರ ಮೆಚ್ಚುಗೆಯನ್ನು ಪಡೆದನು. ಅವರು ಕೆಂಟಿನ ಮೇಲೆ ಆಡಿದಾಗ, ಅರುವತ್ತು ತುಂಬಿದ್ದ ಹ್ಯಾರಿಸನು ಮತ್ತೆ ದಾಂಡು ಹಿಡಿದು ಮೈದಾನಕ್ಕೆ ಇಳಿದನು. ಪ್ರಥಮ ದರ್ಜೆಯಲ್ಲಿ ಅದೇ ಅವನ ಕೊನೆಯ ಪಂದ್ಯ. ನಾಲ್ಕು ರೂಪಾಯಿಯ ಹುಡುಗನೂ ಮಾಜಿ ಗವರ್ನರನೂ ಒಂದೇ ನಿಯಮಕ್ಕೆ ಒಳಪಟ್ಟ ಆಟಗಾರರಾಗಿ ಆ ವರ್ಷ ಇಂಗ್ಲೆಂಡಿನ ಹುಲ್ಲಿನ ಮೇಲೆ ನಡೆದಾಡಿದರು.

1921ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿಯೂ ಹ್ಯಾರಿಸನು ಭಾರತೀಯರಿಗೆ ಆಟಕ್ಕೆ ಬೇಕಾದ ತಾಳ್ಮೆಯಿಲ್ಲವೆಂದೇ ನುಡಿದನು. ಅದಾಗಿ ಐದು ವರ್ಷಗಳಲ್ಲಿ, 1926ರಲ್ಲಿ, ಅವನು ಎಂ. ಸಿ. ಸಿ.ಯ ಖಜಾಂಚಿಯಾಗಿದ್ದ ಕಾಲದಲ್ಲಿಯೇ, ಭಾರತಕ್ಕೆ ಸಾಮ್ರಾಜ್ಯದ ಕ್ರಿಕೆಟ್ ಸಮ್ಮೇಳನದಲ್ಲಿ ಸ್ಥಾನ ದೊರೆಯಿತು. 1932ರ ಮಾರ್ಚ್ 24ರಂದು ಬೆಲ್‌ಮಾಂಟಿನಲ್ಲಿ ಅವನು ಕಣ್ಣು ಮುಚ್ಚಿದನು. ಮೂರು ತಿಂಗಳು ಕಳೆದು ಜೂನ್ 25ರಂದು ಭಾರತವು ತನ್ನ ಪ್ರಥಮ ಟೆಸ್ಟನ್ನು ಆಡಲು ಲಾರ್ಡ್ಸ್ ಮೈದಾನಕ್ಕೆ ಇಳಿಯಿತು. ಅದನ್ನು ನೋಡಲು ಅವನು ಉಳಿಯಲಿಲ್ಲ.

ಗಣೇಶಖಿಂಡದ ಆ ಗವರ್ನರನ ಬಂಗಲೆಯಲ್ಲಿ 1949ರಿಂದ ವಿಶ್ವವಿದ್ಯಾಲಯವಿದೆ. ಮುಂಬಯಿಯ ಶಾಲಾಬಾಲಕರು ಆಡುವ ಪಂದ್ಯಾವಳಿಗೆ ಇಂದಿಗೂ ಹ್ಯಾರಿಸ್ ಶೀಲ್ಡೆಂದೇ ಹೆಸರು. 1988ರ ಫೆಬ್ರವರಿಯಲ್ಲಿ ಆ ಶೀಲ್ಡಿನ ಪಂದ್ಯವೊಂದರಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಹುಡುಗರು ಔಟಾಗದೆ ಒಟ್ಟಿಗೆ 664 ಓಟಗಳನ್ನು ಕೂಡಿಸಿದರು. ಅವರು ಆಡಿದ ಆಜಾದ್ ಮೈದಾನವು ಹಳೆಯ ಎಸ್ಪ್ಲನೇಡಿನದೇ ಭಾಗ. ಒಂದು ಕಾಲದಲ್ಲಿ ದೇಶೀಯರ ಬಿನ್ನಹಗಳು ತಿರಸ್ಕೃತವಾಗಿ ಕುದುರೆಯ ಗೊರಸುಗಳು ಗೆದ್ದಿದ್ದ ಬಯಲದು. ತಾಳ್ಮೆಯಿಲ್ಲದವರೆಂದು ಹೇಳಿಸಿಕೊಂಡವರ ಮಕ್ಕಳು, ಹೇಳಿದವನ ಹೆಸರಿನ ಫಲಕಕ್ಕಾಗಿಯೇ, ಅಲ್ಲಿ ತಾಳ್ಮೆಯಿಂದ ದಾಂಡು ಹಿಡಿದು ನಿಂತಿದ್ದರು.